ಹನ್ನೊಂದನೆಯ ಲಗತ್ತು

ಕಳೆದ ತಿಂಗಳು ಮೊಮ್ಮಗಳು ಪಾಸ್‌ಪೋರ್ಟಿಗೆ ಅರ್ಜಿ ಹಾಕುತ್ತಿದ್ದಳು. ಈಗ ಅದಕ್ಕೆ ಶಾಯಿ, ಗೋಂದು, ಗುಂಡುಸೂಜಿ ಯಾವುದೂ ಬೇಡ. ಗೋರೆಗಾಂವ್‌ನ ನಮ್ಮ ಮನೆಯ ಸೋಫಾದ ಮೇಲೆ ಕಾಲು ಮಡಚಿ ಕೂತು, ಒಂದೊಂದು ಕಾಗದದ ಫೋಟೊ ತೆಗೆದು ಫೋನಿನಲ್ಲೇ ಏರಿಸುತ್ತಿದ್ದಳು. ನಡುವೆ, ತಲೆ ಎತ್ತದೆ ಕೇಳಿದಳು: "ಅಜ್ಜಿ, ಅಡ್ರೆಸ್ ಪ್ರೂಫ್‌ಗೆ ವೋಟರ್ ಕಾರ್ಡ್ ಚಲೇಗಾ ನಾ? ಅದೇ ಹಾಕ್ತೀನಿ."

"ಬೇಡ" ಎಂದೆ. ದನಿ ಜೋರಾಗಿಯೇ ಬಂದಿರಬೇಕು. ಅವಳು ಫೋನು ಕೆಳಗಿಟ್ಟು ನನ್ನ ಮುಖ ನೋಡಿದಳು. ಅವಳು ನಕ್ಕು, ಕಾರ್ಡಿನ ಫೋಟೊ ಏರಿಸಿಯೇಬಿಟ್ಟಳು. ಏನೂ ಆಗಲಿಲ್ಲ. ಈಗ ಏನೂ ಆಗುವುದಿಲ್ಲ.

ಆ ಮಧ್ಯಾಹ್ನ ಅಟ್ಟದ ಮೇಲಿಂದ ಎಪ್ಪತ್ತು ಮತ್ತು ಎಪ್ಪತ್ತೊಂದರ ದಿನಚರಿಗಳನ್ನು ಇಳಿಸಿದೆ. ಈ ಕತೆಯನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ, ಆದರೆ ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಹಾಗೆ ಹೇಳಿಕೊಂಡಾಗಲೆಲ್ಲ ನೆನಪು ನನ್ನ ಪರವಾಗಿ ಅಲ್ಲೊಂದು ಇಲ್ಲೊಂದು ಗೆರೆ ತಿದ್ದಿದೆ ಎಂಬ ಅನುಮಾನ ಹಳೆಯದು. ಆದ್ದರಿಂದ ನೆನಪು ಹೇಳಿದ್ದನ್ನೂ ದಿನಚರಿಯಲ್ಲಿ ಇರುವುದನ್ನೂ ಎರಡನ್ನೂ ಇಲ್ಲಿ ಬರೆಯುತ್ತೇನೆ.

ಎಪ್ಪತ್ತರಲ್ಲಿ ನನಗೆ ಇಪ್ಪತ್ತೆಂಟು ವರ್ಷ. ಧಾರವಾಡದಲ್ಲಿ ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿ, ಮದುವೆಯಾಗಿ ಮುಂಬಯಿಗೆ ಬಂದು, ಘಾಟ್ಕೋಪರಿನ ಮುನಿಸಿಪಲ್ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದೆ. ನಾವಿದ್ದದ್ದು ಗುಡ್ಡದ ಕೆಳಗಿನ ಇಟ್ಟಿಗೆಯ ಚಾಳಿನಲ್ಲಿ. ನಮ್ಮ ಹಿಂದೆ ಗುಡ್ಡ ಏರುತ್ತ ಹೋದರೆ ತಗಡಿನ ಸಾಲುಗಳು. ಅಲ್ಲಿ ಬಿಜಾಪುರ, ಗುಲ್ಬರ್ಗಾ ಕಡೆಯಿಂದ ಬಂದ ಜನ. ಕಟ್ಟಡದ ಕೆಲಸದವರು, ಹಮಾಲರು, ಗಾದಿ ಹೊಲಿಯುವವರು. ಅವರ ಮಕ್ಕಳೇ ನನ್ನ ವಿದ್ಯಾರ್ಥಿಗಳು. ಆ ಸಾಲುಗಳಲ್ಲಿ ಯಾರಿಗೆ ಸರ್ಕಾರಿ ಕಾಗದ ಬರೆಯಬೇಕಾದರೂ ನನ್ನ ಹತ್ತಿರ ಬರುತ್ತಿದ್ದರು. ರೇಷನ್ ಕಾರ್ಡು, ನಲ್ಲಿಯ ತಕರಾರು, ಮಗುವಿನ ಜನ್ಮದಾಖಲೆ. ನನಗೆ ಅದರಲ್ಲೊಂದು ಹೆಮ್ಮೆ ಇತ್ತು. ನನ್ನ ಅರ್ಜಿ ವಾಪಸು ಬರುವುದಿಲ್ಲ ಎಂಬ ಹೆಸರೂ ಇತ್ತು. ಅದರ ಗುಟ್ಟು ಇಷ್ಟೇ: ಕೇಳಿದ್ದು ಎರಡು ಕಾಗದವಾದರೆ ನಾನು ಆರು ಹಚ್ಚುತ್ತಿದ್ದೆ. ಇದ್ದಷ್ಟನ್ನೂ ಕೊಟ್ಟರೆ ಕಾರಕೂನನಿಗೆ ಬೇಡ ಅನ್ನಲು ದಾರಿ ಇರುವುದಿಲ್ಲ ಎಂದು ನಂಬಿದ್ದೆ.

ಇಮಾಮಸಾಬ ಮೇಲಿನ ಸಾಲಿನ ಪಿಂಜಾರ. ಇಲಕಲ್ಲಿನ ಹತ್ತಿರದ ಒಂದು ಹಳ್ಳಿಯವರು. ವಯಸ್ಸು ನಲವತ್ತೆರಡಾದರೂ ಐವತ್ತರ ಹಾಗೆ ಕಾಣುತ್ತಿದ್ದರು. ಹುಬ್ಬು, ಕಿವಿಗೂದಲು, ಬನಿಯನ್ನಿನ ತೋಳು, ಎಲ್ಲದಕ್ಕೂ ಅರಳೆ ಹತ್ತಿಕೊಂಡಿರುತ್ತಿತ್ತು. ಅರಳೆ ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು, ನಡೆಯುತ್ತಲೇ ಅದರ ನರವನ್ನು ಬೆರಳಿನಿಂದ ಮೀಟುತ್ತ ಬೀದಿಯಲ್ಲಿ ಹೋಗುವರು. ಆ ಸದ್ದು ಕೇಳಿ ಹೆಂಗಸರು ಗಟ್ಟಿಯಾದ ಗಾದಿಗಳನ್ನು ಹೊರಗೆ ಎಸೆಯುವರು. ಹೆಂಡತಿ ಫಾತಿಮಾಬಿ. ಒಬ್ಬಳೇ ಮಗಳು ಜುಬೇದಾ, ನಾಲ್ಕನೇ ಇಯತ್ತೆಯಲ್ಲಿ ನನ್ನ ಮುಂದೆಯೇ ಕೂರುವವಳು.

ಈ ಮನುಷ್ಯ ಕಾಗದದ ಮೇಲೆ ಪಾಕಿಸ್ತಾನಿ ಎಂದು ನನಗೆ ಗೊತ್ತಾದದ್ದು ಜುಬೇದಾ ಶಾಲೆಗೆ ಸೇರಿ ಮೂರು ವರ್ಷವಾದ ಮೇಲೆ.

ಆದದ್ದು ಹೀಗೆ. ಸ್ವಾತಂತ್ರ್ಯ ಬಂದ ಚಳಿಗಾಲ. ಹತ್ತೊಂಬತ್ತರ ಹುಡುಗನಾಗಿದ್ದ ಇಮಾಮಸಾಬರನ್ನೂ ಇನ್ನಿಬ್ಬರು ಪಿಂಜಾರರನ್ನೂ ಒಬ್ಬ ಗುತ್ತಿಗೆದಾರ ಕರಾಚಿಗೆ ಕರೆದುಕೊಂಡು ಹೋದ. ಅಲ್ಲಿ ಗಾದಿ, ರಜಾಯಿಗಳ ಕೆಲಸ ರಾಶಿ ಬಿದ್ದಿತ್ತಂತೆ. ಬಂದರಿನಲ್ಲಿ ಹಡಗು ಹತ್ತಿದರು, ಡೆಕ್ಕಿನ ಮೇಲೆ ಮಲಗಿದರು, ಇಳಿದರು. ರಂಜಾನಿಗೆ ತಿರುಗಿ ಬರುವ ಮಾತು. "ನಮಗ ಕರಾಚಿ ಅಂದ್ರ ಹುಬ್ಬಳ್ಳಿ ಇದ್ದಂಗ ಇತ್ರಿ ಅಕ್ಕೋರ, ಕೆಲಸ ಮುಗದ್ರ ಊರಿಗೆ ಬರೂದು" ಎನ್ನುತ್ತಿದ್ದರು. ಕೆಲಸ ಮುಗಿಯುವ ಹೊತ್ತಿಗೆ ಬರಲು ಪರ್ಮಿಟ್ ಬೇಕೆಂದಾಗಿತ್ತು. ಪರ್ಮಿಟ್ ಸಿಗಲಿಲ್ಲ. ಆಮೇಲೆ ಪಾಸ್‌ಪೋರ್ಟ್ ಬೇಕೆಂದಾಯಿತು. ಅಲ್ಲಿ ಸಿಗುವುದು ಅಲ್ಲಿನದೇ ಪಾಸ್‌ಪೋರ್ಟ್. ಏಳು ವರ್ಷ ಕಾದು, ಅದನ್ನೇ ತೆಗೆದುಕೊಂಡು, ವೀಸಾ ಹಚ್ಚಿಸಿಕೊಂಡು ತಮ್ಮ ಊರಿಗೆ ಪರದೇಶದವರಾಗಿ ಬಂದರು. ನಿಶ್ಚಯವಾಗಿದ್ದ ಅತ್ತೆಯ ಮಗಳು ಫಾತಿಮಾ ಅಷ್ಟು ವರ್ಷವೂ ಕಾದಿದ್ದಳು. ಮದುವೆಯಾಗಿ ಇಬ್ಬರೂ ಮುಂಬಯಿಗೆ ಬಂದರು. ಅಂದಿನಿಂದ ಪ್ರತಿವರ್ಷ ಫೋರ್ಟಿನಲ್ಲಿರುವ ವಿದೇಶೀಯರ ನೋಂದಣಿ ಕಚೇರಿಗೆ ಹೋಗಿ ಇರುವ ಅವಧಿ ಬೆಳೆಸಿಕೊಳ್ಳುವುದು, ಅರವತ್ತೈದರ ಯುದ್ಧದ ನಂತರ ತಿಂಗಳಿಗೊಮ್ಮೆ ಪೊಲೀಸ್ ಚೌಕಿಯಲ್ಲಿ ಹಾಜರಿ ಹಾಕುವುದು. ಹದಿನೈದು ವರ್ಷ ಹೀಗೇ ನಡೆದಿತ್ತು.

ಎಪ್ಪತ್ತರ ಏಪ್ರಿಲ್‌ನಲ್ಲಿ ಅವರು ಆ ಹಸಿರು ಪುಸ್ತಕವನ್ನು ಒಂದು ಟವೆಲ್ಲಿನಲ್ಲಿ ಸುತ್ತಿ ನಮ್ಮ ಮನೆಗೆ ತಂದರು. ಅದರ ಅವಧಿ ಆ ವರ್ಷದ ಕೊನೆಗೆ ಮುಗಿಯುತ್ತಿತ್ತು. ಪಾಸ್‌ಪೋರ್ಟ್ ಇಲ್ಲದೆ ಇಲ್ಲಿನ ಪರವಾನಗಿ ಬೆಳೆಯುವುದಿಲ್ಲ. ದಿಲ್ಲಿಯಲ್ಲಿರುವ ಪಾಕಿಸ್ತಾನದ ಕಚೇರಿಗೆ ನವೀಕರಣಕ್ಕೆ ಬರೆಯಬೇಕು, ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದುಕೊಡಿ ಎಂದು ಕೇಳಲು ಬಂದಿದ್ದರು. ಅಷ್ಟೇ. ಅರ್ಧ ಗಂಟೆಯ ಕೆಲಸ.

ನಾನು ಅದನ್ನು ಬರೆಯಲಿಲ್ಲ.

ಬದಲಿಗೆ ಮರುದಿನ ಮಾಟುಂಗಕ್ಕೆ ಹೋಗಿ, ಕನ್ನಡ ಸಂಘವೊಂದರ ವಾಚನಾಲಯದಲ್ಲಿ ಕೂತು ಪೌರತ್ವದ ಕಾಯಿದೆ ಓದಿದೆ. ಭಾರತ ಮೂಲದವನು, ಇಲ್ಲೇ ವಾಸವಾಗಿರುವವನು, ನೋಂದಣಿಯ ಮೂಲಕ ಪೌರನಾಗಬಹುದು ಎಂದಿತ್ತು. ನನಗೆ ಖುಷಿಯಾಯಿತು. ಪುಸ್ತಕದಲ್ಲಿ ಓದಿದ್ದು ಗುಡ್ಡದ ಮೇಲಿನ ಒಂದು ಮನೆಗೆ ಉಪಯೋಗಕ್ಕೆ ಬರುವ ಸಂದರ್ಭ ಅದೇ ಮೊದಲು. ಇಮಾಮಸಾಬರನ್ನು ಕೂರಿಸಿಕೊಂಡು, ಇನ್ನೊಂದು ದೇಶದ ಪುಸ್ತಕವನ್ನು ಮತ್ತೆ ಯಾಕೆ ಹೊಸದು ಮಾಡಿಸುತ್ತೀರಿ, ನೀವು ಹುಟ್ಟಿದ್ದು ಇಲ್ಲಿ, ಕೇಳಿದರೆ ಕೊಡಬೇಕಾದದ್ದು ಅವರ ಕರ್ತವ್ಯ, ಎಂದು ಪಾಠ ಮಾಡಿದಂತೆ ಹೇಳಿದೆ. ಅವರು ತಲೆ ಬಗ್ಗಿಸಿ ಕೇಳಿದರು. ಹೀಗೇ ನಡೆದುಕೊಂಡು ಹೋಗುತ್ತಿದೆಯಲ್ಲ ಎಂದರು. ಕೊಡದಿದ್ದರೆ ಏನಾಗುತ್ತದೆ ಎಂದು ಕೇಳಿದರು. ಕೊಡದಿದ್ದರೆ ಈಗಿದ್ದಂತೆ ಇರುತ್ತೀರಿ, ಕಳೆದುಕೊಳ್ಳುವುದೇನಿದೆ ಎಂದೆ. ಈ ವಾಕ್ಯ ನೆನಪಿನಲ್ಲೂ ಇದೆ, ದಿನಚರಿಯಲ್ಲೂ ಇದೆ.

ನಮ್ಮವರು ಬ್ಯಾಂಕಿನಲ್ಲಿ ಗುಮಾಸ್ತರು, ಕಡಿಮೆ ಮಾತಿನವರು. ಊಟಕ್ಕೆ ಕೂತಾಗ ಎಲ್ಲ ಕೇಳಿ, "ನೀ ಆ ಕಾಗದ ಬರದು ಕೊಟ್ಟು ಬಿಡು. ಹದಿನೈದು ವರ್ಷ ಯಾರೂ ಅವನ ಕಡೆ ನೋಡಿಲ್ಲ. ನೀನೇ ಯಾಕ ಕರದು ತೋರಸ್ತೀ?" ಎಂದರು. ಅದನ್ನು ನಾನು ಹೇಡಿತನ ಅಂದುಕೊಂಡೆ. ಅವರಿಗೆ ಹಾಗೆಂದು ಹೇಳಿಯೂ ಹೇಳಿದೆ.

ಫಾತಿಮಾಬಿ ಮಾತ್ರ ಮೊದಲ ದಿನದಿಂದಲೇ ನನ್ನ ಕಡೆ. ತಿಂಗಳಿಗೊಮ್ಮೆ ಗಂಡ ಚೌಕಿಗೆ ಹೋದಾಗ ಅವನು ತಿರುಗಿ ಬರುವ ತನಕ ಒಲೆ ಹಚ್ಚದೆ ಕೂರುತ್ತಿದ್ದ ಹೆಂಗಸು ಅವಳು. ಗಂಡನನ್ನು ಒಪ್ಪಿಸಿದವಳು ಅವಳೋ ನಾನೋ ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ಅವಳೇ ಎಂದುಕೊಳ್ಳುವುದು ನನಗೆ ಅನುಕೂಲ.

ಜೂನಿನಲ್ಲಿ ಮಳೆ ಹಿಡಿಯಿತು. ಪಿಂಜಾರರಿಗೆ ಮಳೆಗಾಲವೆಂದರೆ ಬಿಲ್ಲು ಗೋಡೆಗೆ ಏರುವ ಕಾಲ. ಅರಳೆ ತಂಪು ಹಿಡಿದರೆ ಹಿಂಜಲು ಬರುವುದಿಲ್ಲ. ನರಕ್ಕೆ ಮುದ್ದೆಯಾಗಿ ಅಂಟುತ್ತದೆ. ಹಾಗಾಗಿ ಇಮಾಮಸಾಬರಿಗೆ ಬಿಡುವು, ನನಗೆ ಶಾಲೆ ಬೆಳಗಿನದು. ಮಧ್ಯಾಹ್ನ ನಮ್ಮ ಮನೆಯ ಬಾಗಿಲಲ್ಲಿ ಅವರು ಗೋಣಿಚೀಲ ಹೊದ್ದು ಬಂದು ಕೂರುವರು, ಒಳಗೆ ನಾನು ಬರೆಯುವೆ. ಹುಟ್ಟಿದ ಊರಿನ ಪಾಟೀಲರಿಂದ ದಾಖಲೆ ತರಿಸಿದೆ. ಮದುವೆಯ ನಿಕಾಹ್‌ನಾಮೆ, ರೇಷನ್ ಕಾರ್ಡು, ಜುಬೇದಾಳ ಶಾಲೆಯ ದಾಖಲೆ, ಇಬ್ಬರು ಗೃಹಸ್ಥರ ನಡತೆಯ ಪತ್ರ, ಹೀಗೆ ಹತ್ತು ಲಗತ್ತುಗಳಾದವು.

ಒಂದು ದಿನ ನಾನು ತಮಾಷೆಗೆ, ಪೌರತ್ವ ಆದ ಮೇಲೆ ಇಲ್ಲಿನ ಪಾಸ್‌ಪೋರ್ಟಿಗೂ ಅರ್ಜಿ ಹಾಕೋಣ, ಸಿಕ್ಕರೆ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದೆ. ಅವರು ಗಂಭೀರವಾಗಿ ಯೋಚಿಸಿದರು.

"ಪೆಟ್ಟಿಗ್ಯಾಗ ಇಟ್ಟು ಕೀಲಿ ಹಾಕ್ತೇನ್ರಿ" ಎಂದರು. "ಮತ್ತ ಎಲ್ಲಿಗೂ ಹೋಗಾಂಗಿಲ್ರಿ. ಘಾಟ್ಕೋಪರ್ ಬಿಟ್ಟು ಕುರ್ಲಾಕ್ಕೂ ಹೋಗಾಂಗಿಲ್ಲ."

ಬಾಗಿಲಾಚೆ ನಿಂತಿದ್ದ ಫಾತಿಮಾಬಿ, "ಕುರ್ಲಾದಿಂದ ಅರಳಿ ತರೂದು ಯಾರು, ನಿಮ್ಮಪ್ಪ?" ಎಂದಳು. ಮೂವರೂ ನಕ್ಕೆವು. ಆ ವರ್ಷ ನಾವು ಮೂವರೂ ಒಟ್ಟಿಗೆ ನಕ್ಕದ್ದು ಇನ್ನೊಂದು ನನಗೆ ನೆನಪಿಲ್ಲ.

ಇನ್ನು ಹನ್ನೊಂದನೆಯ ಲಗತ್ತು.

ಗುಡ್ಡದ ಸಾಲುಗಳಿಗೆ ಜಾಗದ ಕಾಗದ ಇರಲಿಲ್ಲ. ಕೆಡವಲು ಬಂದವರಿಗೆ ತೋರಿಸಲು ಇದ್ದದ್ದು ಒಂದೇ, ಮತದಾರರ ಯಾದಿ. ಇಷ್ಟು ಜನ ಇಷ್ಟು ವರ್ಷದಿಂದ ಇಲ್ಲಿದ್ದಾರೆ ಎನ್ನಲು ಅದೇ ಸಾಕ್ಷಿ. ಆದ್ದರಿಂದ ಯಾದಿ ಬರೆಯುವವರು ಬಂದಾಗ ಪ್ರತಿ ಮನೆಯವರೂ ದೊಡ್ಡವರ ಹೆಸರನ್ನೆಲ್ಲ ಬಿಡದೆ ಬರೆಸುವುದು ಅಲ್ಲಿನ ಪದ್ಧತಿ. ಹೆಸರು ಹೆಚ್ಚಾದಷ್ಟೂ ಗುಡ್ಡ ಭದ್ರ. ಯಾರು ಎಲ್ಲಿನ ಪ್ರಜೆ ಎಂದು ಬರೆಯುವವರೂ ಕೇಳಲಿಲ್ಲ, ಬರೆಸುವವರಿಗೂ ಹೊಳೆಯಲಿಲ್ಲ. ಇಮಾಮಸಾಬರ ಹೆಸರೂ ಹಾಗೇ ಸೇರಿತ್ತು. ಅರವತ್ತೇಳರ ಚುನಾವಣೆಯಲ್ಲಿ ಅವರು ಹೊಸ ಲುಂಗಿ ಉಟ್ಟು, ಎಲ್ಲರ ಜೊತೆ ಸಾಲಿನಲ್ಲಿ ನಿಂತು ವೋಟು ಹಾಕಿ ಬಂದಿದ್ದರು.

ನೆನಪು ಹೇಳುವುದು ಹೀಗೆ: ಒಂದು ಮಧ್ಯಾಹ್ನ ಇಮಾಮಸಾಬ ತಾವೇ, ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟಿದ್ದ ಅರವತ್ತೇಳರ ವೋಟಿನ ಚೀಟಿ ತಂದು, "ಇದನ್ನೂ ಹಚ್ಚರಿ ಅಕ್ಕೋರ" ಎಂದರು. ಆ ಚೀಟಿ ನನ್ನ ಕಣ್ಣಿಗೆ ಕಟ್ಟಿದೆ. ಮಡಿಕೆಯಲ್ಲಿ ಹರಿದ ಹಳದಿ ಕಾಗದ. ಹೆಸರಿನ ಮುಂದೆ ನೀಲಿ ಪೆನ್ಸಿಲಿನ ಗುರುತು.

ದಿನಚರಿ ಹೇಳುವುದು ಹೀಗೆ: "ಮತದಾರರ ಯಾದಿಯ ನಕಲಿಗೆ ವಾರ್ಡ್ ಕಚೇರಿಗೆ ಹೋದೆ. ದೊಡ್ಡ ಲೈನು. ಮಳೆ. ನಕಲು ಸಿಕ್ಕಿತು, ಶಿಕ್ಕಾ ಸಮೇತ. ಇದಕ್ಕಿಂತ ಗಟ್ಟಿ ಸಾಕ್ಷಿ ಯಾವುದಿದೆ? ಹನ್ನೊಂದನೆಯದಾಗಿ ಹಚ್ಚಿದೆ."

ಚೀಟಿಯ ಮಾತೇ ಅಲ್ಲಿಲ್ಲ. ಅವರು ಚೀಟಿ ತಂದಿದ್ದು, ಅದರಿಂದ ನನಗೆ ನಕಲಿನ ಯೋಚನೆ ಬಂದಿತ್ತೋ? ಅಥವಾ ಚೀಟಿ ಎಂಬುದು ಇರಲೇ ಇಲ್ಲವೋ, ನಂತರದ ವರ್ಷಗಳಲ್ಲಿ ನಾನು ಅದನ್ನು ಹುಟ್ಟಿಸಿ ಅವರ ಕೈಯಲ್ಲಿ ಇಟ್ಟೆನೋ? ನೀಲಿ ಪೆನ್ಸಿಲಿನ ಗುರುತೂ ಸಹಿತ ಹುಟ್ಟಿಸಲು ಮನಸ್ಸಿಗೆ ಎಷ್ಟು ಹೊತ್ತು ಬೇಕು?

ವೋಟು ಹಾಕುವ ಹಕ್ಕು ಪೌರನಿಗೆ ಮಾತ್ರ ಎಂದು ಧಾರವಾಡದಲ್ಲಿ ಪರೀಕ್ಷೆಯಲ್ಲಿ ಬರೆದವಳು ನಾನು. ಪಾಕಿಸ್ತಾನದ ಪಾಸ್‌ಪೋರ್ಟ್ ಇರುವವನು ವೋಟು ಹಾಕಿದ್ದು ಅಪರಾಧ ಎಂದು ತಿಳಿಯಲು ಎಂ.ಎ. ಬೇಕಿರಲಿಲ್ಲ. ಆದರೆ ಗುಡ್ಡದಲ್ಲಿ ಯಾದಿ ಎಂದರೆ ಇರುವಿಕೆಯ ಸಾಕ್ಷಿ. ಅವರೊಡನೆ ಇದ್ದು ಇದ್ದು ನನಗೂ ಅದು ಹಾಗೇ ಕಂಡಿತ್ತು. ಅಥವಾ ಇದೂ ಆಮೇಲೆ ಕಟ್ಟಿಕೊಂಡ ಸಮಾಧಾನವೇ ಇರಬಹುದು. ಕಾಯಿದೆಯ ಪುಸ್ತಕ ಓದಿದವಳಿಗೆ ಅಂದು ಹೊಳೆಯಲಿಲ್ಲ, ಅಷ್ಟು ಮಾತ್ರ ನಿಜ.

ಅರ್ಜಿ ಕೊಟ್ಟೆವು. ಗಣಪತಿ ಹಬ್ಬ ಮುಗಿದ ಮೇಲೆ ಸಾದಾ ಉಡುಪಿನ ಪೊಲೀಸ್ ಒಬ್ಬ ವಿಚಾರಣೆಗೆ ಬಂದ. ಇಮಾಮಸಾಬರ ಮನೆಯಲ್ಲಿ ಹೊಸ ಗಾದಿಯ ಮೇಲೆ ಕೂತು ಚಹಾ ಕುಡಿದ, ಅಕ್ಕಪಕ್ಕದವರನ್ನು ಕೇಳಿ ಬರೆದುಕೊಂಡ, ಗಾದಿ ಮೆತ್ತಗಿದೆ ಎಂದು ಹೊಗಳಿ ಹೋದ. ಫಾತಿಮಾಬಿ ಅವತ್ತು ಎಲ್ಲರಿಗೂ ಸಕ್ಕರೆ ಹಂಚಿದಳು.

ದೀಪಾವಳಿಯ ನಂತರ ಫೋರ್ಟಿನ ಕಚೇರಿಯಿಂದ ಕರೆ ಬಂತು. ಶಾಲೆಗೆ ರಜೆ ಹಾಕಿ ನಾನೂ ಹೋದೆ. ಅಧಿಕಾರಿ ವಯಸ್ಸಾದ ಮರಾಠಿ ಮನುಷ್ಯ, ಕೆಟ್ಟವನಲ್ಲ. ನಮ್ಮಿಬ್ಬರಿಗೂ ಕುರ್ಚಿ ಕೊಟ್ಟ. ಇಮಾಮಸಾಬ ಕೂರಲಿಲ್ಲ, ನನ್ನ ಹಿಂದೆ ನಿಂತರು. ಅವನು ಫೈಲು ತಿರುವುತ್ತ ಹೋಗಿ ಹನ್ನೊಂದನೆಯ ಕಾಗದದ ಹತ್ತಿರ ನಿಂತ. ಬಹಳ ಹೊತ್ತು ನೋಡಿದ. ಕನ್ನಡಕ ತೆಗೆದ. ನನ್ನನ್ನೇ ಕೇಳಿದ:

"ಹೆ ಕುಣಿ ಜೋಡ್‌ಲಂ, ಬಾಯಿ?"

ಇದನ್ನು ಯಾರು ಜೋಡಿಸಿದ್ದು ಎಂದು. ಅವನು ಗದರಿಸಲಿಲ್ಲ. ಒಂದು ತಪ್ಪನ್ನು ಕಂಡು ಬೇಸರಗೊಂಡವನ ದನಿ ಅದು. ಆ ದನಿಯಿಂದಲೇ, ಅದೇ ಕ್ಷಣದಲ್ಲಿ, ನಾನು ಏನು ಮಾಡಿದ್ದೇನೆಂದು ನನಗೆ ತಿಳಿಯಿತು.

ನಾನು ಮಾತಾಡಲಿಲ್ಲ.

ಆ ಮೌನ ಎಷ್ಟು ಉದ್ದವಿತ್ತು ಎಂದು ನನಗೆ ಗೊತ್ತಿಲ್ಲ. ಫ್ಯಾನು ತಿರುಗುತ್ತಿತ್ತು. ಮಾತು ಹೊಳೆಯದೆ ಹೋಯಿತೋ, ಇಲ್ಲ ನಾನು ಮಾತಾಡದಿದ್ದರೆ ಬೇರೆ ಯಾರಾದರೂ ಮಾತಾಡುತ್ತಾರೆ ಎಂದು ಕಾಯುತ್ತಿದ್ದೆನೋ? ಐವತ್ತು ವರ್ಷದಿಂದ ಈ ಒಂದು ಪ್ರಶ್ನೆಯನ್ನು ಎಲ್ಲ ಕಡೆಯಿಂದ ನೋಡಿದ್ದೇನೆ. ಪ್ರತಿ ಸಲವೂ ಎರಡನೆಯದೇ ಸರಿ ಎನ್ನಿಸುತ್ತದೆ.

ಹಿಂದಿನಿಂದ ಇಮಾಮಸಾಬರ ದನಿ ಬಂತು. ತಮಗೆ ಬರುವ ಮರಾಠಿಯಲ್ಲಿ, ನಾನೇ ಕೊಟ್ಟೆ ಸಾಹೇಬರೆ, ಬಾಯಿಯವರಿಗೆ ಇದೇನೆಂದು ಗೊತ್ತಿಲ್ಲ, ಅವರು ಬರೆದುಕೊಟ್ಟವರು ಅಷ್ಟೇ ಎಂದರು. ಅಧಿಕಾರಿ ನನ್ನ ಕಡೆ ನೋಡಿದ. ನಾನು ಮೇಜನ್ನು ನೋಡುತ್ತಿದ್ದೆ. ಹಾಗಾದರೆ ಹೇಳಿಕೆ ಕೊಡು ಎಂದು ಅವರ ಮಾತನ್ನು ತಾನೇ ಬರೆದುಕೊಂಡ. ಕೆಳಗೆ ಅವರು ಕನ್ನಡದಲ್ಲಿ ಸಹಿ ಮಾಡಿದರು. ಅವರಿಗೆ ಬರುತ್ತಿದ್ದ ಬರವಣಿಗೆ ಆ ಸಹಿಯೊಂದೇ, ಜುಬೇದಾ ಕಲಿಸಿದ್ದು.

ವಿ.ಟಿ.ಯಿಂದ ಲೋಕಲ್‌ನಲ್ಲಿ ವಾಪಸು ಬರುವಾಗ ಜಾಗ ಸಿಕ್ಕಿತ್ತು. ಎದುರುಬದುರು ಕೂತೆವು. ಬೈಖಳಾ ದಾಟಿದ ಮೇಲೆ ನಾನು, ನೀವು ಯಾಕೆ ಹಾಗೆ ಹೇಳಿದಿರಿ ಎಂದೆ.

"ನಿಮ್ಮದು ಮುನಶಿಪಾಲ್ಟಿ ನೌಕರಿರಿ" ಎಂದರು. "ನಂದು ಹೆಂಗೂ ಆಗೇ ಹೋತಲ್ರಿ. ಇಬ್ಬರದೂ ಯಾಕ ಆಗಬೇಕು."

ತಡೆದು, ಕಿಟಕಿಯ ಹೊರಗೆ ನೋಡುತ್ತ, "ಫಾತಿಮಾಗ ಹೇಳಬ್ಯಾಡ್ರಿ" ಎಂದರು. "ಆಕಿ ನಿಮ್ಮನ್ನ ಭಾಳ ನಂಬ್ಯಾಳ."

ನಾನು ಹೇಳಲಿಲ್ಲ. ಅವರ ಮಾತು ಉಳಿಸಿಕೊಂಡೆ ಎಂದು ಬಹಳ ಕಾಲ ಅಂದುಕೊಂಡಿದ್ದೆ.

ಜನವರಿಯಲ್ಲಿ ಆದೇಶ ಬಂತು. ಪೌರತ್ವ ಇಲ್ಲ. ಇರುವ ಪರವಾನಗಿಯೂ ಬೆಳೆಯುವುದಿಲ್ಲ. ಮೂವತ್ತು ದಿನದೊಳಗೆ ದೇಶ ಬಿಡತಕ್ಕದ್ದು. ಕಾರಣ ಬರೆದಿರಲಿಲ್ಲ. ಅದೊಂದೇ ಕಾಗದದಿಂದ ಆಯಿತು ಎನ್ನಲು ನನ್ನಲ್ಲಿ ಆಧಾರವಿಲ್ಲ. ಆ ವರ್ಷಗಳಲ್ಲಿ ಎಷ್ಟೋ ಅರ್ಜಿಗಳು ಹಾಗೆಯೇ ಬಿದ್ದುಹೋದವು ಎಂದು ವಕೀಲರೊಬ್ಬರು ಹೇಳಿದರು. ಆ ಮಾತನ್ನು ನಾನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದೆ. ಆಮೇಲೆ ಬಿಟ್ಟೆ. ಏಪ್ರಿಲ್‌ನಲ್ಲಿ ಅವರು ಕೇಳಿದ ಅರ್ಧ ಗಂಟೆಯ ಕಾಗದ ಬರೆದುಕೊಟ್ಟಿದ್ದರೆ ಯಾವ ಫೈಲೂ ತೆರೆಯುತ್ತಿರಲಿಲ್ಲ.

ಆ ಮೂವತ್ತು ದಿನ ನಾನು ಅರ್ಜಿಗಳನ್ನು ಬರೆದೆ. ಮೇಲಿನವರಿಗೆ, ಅವರ ಮೇಲಿನವರಿಗೆ, ದಿಲ್ಲಿಗೆ. ಯಾವುದಕ್ಕೂ ಲಗತ್ತು ಹಚ್ಚಲು ಕೈ ಬರುತ್ತಿರಲಿಲ್ಲ. ಉತ್ತರವೂ ಬರಲಿಲ್ಲ. ಗುಡ್ಡದಲ್ಲಿ ಅಷ್ಟರಲ್ಲೇ ಸುದ್ದಿ ಹರಡಿತ್ತು: ಯಾದಿಯ ತನಿಖೆಯಾಗುತ್ತದಂತೆ, ಸುಳ್ಳು ಹೆಸರು ಸಿಕ್ಕರೆ ಇಡೀ ಸಾಲನ್ನು ಕೆಡವುತ್ತಾರಂತೆ. ಸಾಲಿನ ಹಿರಿಯ ಬಸಪ್ಪ ನಮ್ಮ ಮನೆಗೆ ಬಂದು, "ಇನ್ನ ಬರಿಯೂದು ಸಾಕು ಮಾಡ್ರಿ ಅಕ್ಕೋರ. ಒಬ್ಬಾಂವ ಹೋಗಾಂವ ಹೊಂಟಾನ. ನಮ್ಮನ್ಯಾಕ ಅವನ ಹಿಂದ ಕಳಸ್ತೀರಿ?" ಎಂದ. ಅವನ ಭಯ ಸುಳ್ಳಲ್ಲ. ಜನ ಇಮಾಮಸಾಬರನ್ನು ಬೈಯಲಿಲ್ಲ, ಜಗಳಾಡಲಿಲ್ಲ. ಅವರು ನಲ್ಲಿಯ ಹತ್ತಿರ ಬಂದರೆ ಕೊಡ ತುಂಬುವವರು ಮಾತು ನಿಲ್ಲಿಸುತ್ತಿದ್ದರು.

ಫಾತಿಮಾಬಿ ಜೊತೆಗೆ ಹೋಗುವ ಮಾತು ತೆಗೆದಳು. ಅವಳಿಗೆ ಪಾಸ್‌ಪೋರ್ಟ್ ಬೇಕು, ವೀಸಾ ಬೇಕು, ಮೂವತ್ತು ದಿನದಲ್ಲಿ ಒಂದೂ ಆಗದು. ಒಂದು ವೇಳೆ ಆದರೂ, ಹೋದರೆ ತಿರುಗಿ ಬರುವಂತಿಲ್ಲ. ಜುಬೇದಾ ಐದನೇ ಇಯತ್ತೆಗೆ ಹೋಗುವವಳಿದ್ದಳು. ಇಮಾಮಸಾಬ ಒಂದೇ ಮಾತಿನಲ್ಲಿ ಬೇಡ ಎಂದರಂತೆ. ಅಂದು ಅವರ ಮನೆಯೊಳಗೆ ಏನು ನಡೆಯಿತು ನನಗೆ ಗೊತ್ತಿಲ್ಲ. ಗೊತ್ತಿರುವಂತೆ ಬರೆಯುವುದಿಲ್ಲ.

ಕೊನೆಯ ಎರಡು ವಾರ ಅವರು ಸಾಲಿನಲ್ಲಿ ಮನೆಮನೆಗೂ ಹೋಗಿ, ಕೇಳದಿದ್ದರೂ, ಗಾದಿಗಳನ್ನು ಬಿಚ್ಚಿ ಅರಳೆ ಹಿಂಜಿ ಹೊಸದಾಗಿ ಹೊಲಿದುಕೊಟ್ಟರು. ಮಾತು ಬಿಟ್ಟವರ ಮನೆಗೂ ಹೋದರು. ಬಸಪ್ಪನದನ್ನೂ ಹೊಲಿದರು. ನಮ್ಮ ಮನೆಗೆ ಬಂದಾಗ ನಾನು ಬೇಡವೆಂದೆ. ಕೇಳಲಿಲ್ಲ. ಅಂಗಳದಲ್ಲಿ ಕೂತು ಇಡೀ ದಿನ ಬಿಲ್ಲು ಬಡಿದರು. ಅರಳೆ ಎದ್ದು ಎದ್ದು ಮೈಮೇಲೆಲ್ಲ ಬೀಳುತ್ತಿತ್ತು. ಸಂಜೆ ಹೊಲಿಗೆ ಮುಗಿಸಿ, ಅಂಗೈಯಿಂದ ಒತ್ತಿ ನೋಡಿ, "ಎಂಟ ವರ್ಷ ಚಿಂತಿಲ್ರಿ" ಎಂದರು. ಎಂಟು ವರ್ಷ ಅದರ ಮೇಲೆ ಮಲಗಿದೆ. ಎಸೆಯುವ ಧೈರ್ಯ ಬರಲಿಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ ಬಾಂಬೆ ಸೆಂಟ್ರಲ್‌ನಿಂದ ಹೊರಟರು. ಅಮೃತಸರದ ತನಕ ಗಾಡಿ, ಅಲ್ಲಿಂದ ಗಡಿಗೆ. ಜೊತೆಯಲ್ಲಿ ಒಬ್ಬ ಪೇದೆ. ನಾವು ನಾಲ್ವರು ಹೋಗಿದ್ದೆವು: ಫಾತಿಮಾಬಿ, ಜುಬೇದಾ, ನಾನು, ನಮ್ಮವರು. ಬಿಲ್ಲು ತಂದಿರಲಿಲ್ಲ, ಒಂದು ಟ್ರಂಕು, ಒಂದು ಚಾದರ. ನಮ್ಮವರು ಅವರ ಕೈ ಹಿಡಿದುಕೊಂಡರು. ಊಟಕ್ಕೆ ಕೂತಾಗ ಹೇಳಿದ ಆ ಮಾತನ್ನು ನಮ್ಮವರು ನನಗೆ ಎಂದೂ ನೆನಪಿಸಲಿಲ್ಲ. ನೆನಪಿಸಿದ್ದರೆ ಒಳ್ಳೆಯದಿತ್ತು. ಇಮಾಮಸಾಬ ಮಗಳಿಗೆ, ಅಕ್ಕೋರು ಹೇಳಿದಂಗ ಕೇಳು ಎಂದರು. ಗಾಡಿ ಹೊರಟಾಗ ಜುಬೇದಾ ಅಳುತ್ತಿದ್ದಳು, ಫಾತಿಮಾಬಿ ಅಳಲಿಲ್ಲ. ಬಾಗಿಲ ಕಂಬಿ ಹಿಡಿದು ನಿಂತ ಗಂಡನ ಜೊತೆ ಪ್ಲಾಟ್‌ಫಾರಂ ಮುಗಿಯುವ ತನಕ ನಡೆದಳು.

ಆ ವರ್ಷದ ಕೊನೆಗೆ ಯುದ್ಧವಾಯಿತು. ಟಪಾಲು ನಿಂತಿತು. ಕುವೈತಿನಲ್ಲಿದ್ದ ಯಾರದೋ ಕೈಯಲ್ಲಿ ವರ್ಷಕ್ಕೊಂದು ಎರಡು ಪತ್ರ ಬರುತ್ತಿದ್ದವು, ಬೇರೆಯವರು ಉರ್ದುವಿನಲ್ಲಿ ಬರೆದದ್ದು, ಕೊನೆಗೆ ಕನ್ನಡದ ಆ ಸಹಿ. ಕರಾಚಿಯಲ್ಲಿ ಗಾದಿ ಹೊಲಿಯುತ್ತಿದ್ದೇನೆ, ಆರಾಮ ಇದ್ದೇನೆ, ಜುಬೇದಾಳನ್ನು ಓದಿಸು. ಫಾತಿಮಾಬಿ ಗಂಡನ ಬಿಲ್ಲನ್ನು ಮಾರಿ ಕಟ್ಟಡದ ಕೆಲಸಕ್ಕೆ ಹೋದಳು. ಬುಟ್ಟಿ ಹೊತ್ತೇ ಮಗಳನ್ನು ಓದಿಸಿದಳು.

ಎಪ್ಪತ್ತೇಳರಲ್ಲಿ ಜುಬೇದಾ ಎಸ್.ಎಸ್.ಸಿ. ಪಾಸಾದಳು. ಆಸ್ಪತ್ರೆಯೊಂದರಲ್ಲಿ ನರ್ಸ್ ತರಬೇತಿಗೆ ಅರ್ಜಿ ಕರೆದಿದ್ದರು. ಫಾತಿಮಾಬಿ ಮಗಳನ್ನು ಮನೆಯಲ್ಲಿ ಬಿಟ್ಟು, ಕೆಲಸದಿಂದ ನೇರವಾಗಿ, ಸೀರೆಗೆ ಸಿಮೆಂಟ್ ಹತ್ತಿದ್ದಂತೆಯೇ ಫಾರ್ಮು ಹಿಡಿದು ನನ್ನ ಹತ್ತಿರ ಬಂದಳು. ಬೇರೆ ಯಾರಿಂದಲಾದರೂ ಬರೆಸು ಎಂದೆ. ಅವಳು ಆ ಮಾತನ್ನು ತಮಾಷೆ ಎಂದುಕೊಂಡಳು.

ಹೆಸರು, ವಯಸ್ಸು, ಜಾತಿ ತುಂಬಿದೆ. ಆಮೇಲೆ ತಂದೆಯ ಹೆಸರು, ಉದ್ಯೋಗ, ರಾಷ್ಟ್ರೀಯತೆ, ಈಗಿನ ವಿಳಾಸ. ಪೆನ್ನು ಅಲ್ಲಿ ನಿಂತಿತು. ಅವಳಿಗೆ ಓದಲು ಬಾರದು, ಆದರೆ ಪೆನ್ನು ಎಲ್ಲಿ ನಿಲ್ಲುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಏನ ಕೇಳ್ಯಾರ್ರಿ?" ಎಂದಳು. ಹೇಳಿದೆ.

"ಖರೇ ಬರದ್ರ?"

ಸಿಗಲಿಕ್ಕಿಲ್ಲ ಎಂದೆ. ಆ ಕ್ಷಣದಲ್ಲಿ ಹಳೆಯದೆಲ್ಲ ನಾಲಗೆಯ ತುದಿಗೆ ಬಂತು. ಅಂದು ಕಚೇರಿಯಲ್ಲಿ ನಾನು ಸುಮ್ಮನಿದ್ದದ್ದು, ನಿನ್ನ ಗಂಡ ನನ್ನ ತಪ್ಪನ್ನು ತನ್ನದೆಂದದ್ದು. ಹೇಳಿದರೆ ಅವಳು ಎದ್ದು ಹೋಗುತ್ತಾಳೆ, ಫಾರ್ಮು ಇಲ್ಲೇ ಉಳಿಯುತ್ತದೆ, ಕೊನೆಯ ತಾರೀಖು ನಾಳೆ. ಹೀಗೆಲ್ಲ ಲೆಕ್ಕ ಹಾಕಿ ಸುಮ್ಮನಾದೆ. ಮತ್ತೆ ಸುಮ್ಮನಾದೆ.

ಫಾತಿಮಾಬಿ ಸ್ವಲ್ಪ ಹೊತ್ತು ತನ್ನ ಅಂಗೈಯ ಸಿಮೆಂಟನ್ನು ಉಗುರಿನಿಂದ ಕೆರೆಯುತ್ತಿದ್ದಳು. ಆಮೇಲೆ, "ಸತ್ತಾನ ಅಂತ ಬರೀರಿ" ಎಂದಳು.

ನಾಲ್ಕು ತಿಂಗಳ ಹಿಂದೆ ಬಂದಿದ್ದ ಪತ್ರವನ್ನು ಮಾಟುಂಗದಲ್ಲಿ ಉರ್ದು ಬಲ್ಲವರ ಬಳಿ ಓದಿಸಿ, ಅವಳಿಗೆ ಕನ್ನಡದಲ್ಲಿ ಹೇಳಿದವಳು ನಾನೇ.

ಬರೆದೆ. ಅದರ ಮುಂದೆ ಇನ್ನೊಂದು ಚೌಕವಿತ್ತು: ತಂದೆ ಮೃತನಾಗಿದ್ದರೆ ಮರಣದ ತಾರೀಖು. ಅವಳ ಮುಖ ನೋಡದೆ, ಯಾವ ತಾರೀಖು ಹಾಕಲಿ ಎಂದು ಕೇಳಿದೆ.

"ಗಾಡಿ ಬಿಟ್ಟ ದಿನ" ಎಂದಳು. "ನನಗ ತಾರೀಖು ನೆನಪಿಲ್ರಿ ಅಕ್ಕೋರ. ನೀವು ಬರದ ಇಟ್ಟಿರತೀರಿ."

ಬರೆದಿಟ್ಟಿದ್ದೆ. ಒಳಗೆ ಹೋಗಿ ಎಪ್ಪತ್ತೊಂದರ ದಿನಚರಿ ತಂದು, ಪುಟ ತೆಗೆದು, ನೋಡಿ, ಫಾರ್ಮಿನಲ್ಲಿ ತಪ್ಪಿಲ್ಲದೆ ತುಂಬಿದೆ.